ಧೂಳಲ್ಲ, ಸೂಜಿ

ಗಣಿ ಜೋರಿದ್ದ ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಏನೇ ಆದರೂ ಜನ ಧೂಳಿನ ಮೇಲೆ ಹಾಕುತ್ತಿದ್ದರು. ಕೆಮ್ಮಿದರೆ ಧೂಳು. ಕೂದಲು ಉದುರಿದರೆ ಧೂಳು. ನಮ್ಮ ಪಕ್ಕದ ಮನೆಯವನು ಕಣ್ಣು ಕೆಂಪಗೆ ಮಾಡಿಕೊಂಡು ತೂರಾಡುತ್ತ ಬಂದರೂ ಅವನ ಹೆಂಡತಿ, “ಲಾರಿ ಧೂಳು ಕಣ್ಣಾಗ ಬಿದ್ದೈತ್ರಿ” ಎನ್ನುತ್ತಿದ್ದಳು. ಅದಿರಿನ ಲಾರಿ ಸುಳ್ಳಲ್ಲ, ಧೂಳೂ ಸುಳ್ಳಲ್ಲ. ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಕಾವಿಯಾಗಿರುತ್ತಿತ್ತು. ಹಾಗಾಗಿ ನನ್ನ ಮೊಮ್ಮಗಳ ದನಿ ದಪ್ಪಗಾಗಿ, ಒಳಗಿಂದ ಯಾರೋ ಗಂಡಸು ಕೂಗಿದಂತೆ ಕೇಳತೊಡಗಿದಾಗ ನಾವೂ ಧೂಳು ಎಂದೆವು.

ನಾನು ಹೆಚ್ಚು ಓದಿದವಳಲ್ಲ. ಮೂರನೇ ಕ್ಲಾಸಿಗೆ ಬಿಡಿಸಿದರು. ಕೌಲ್ ಬಜಾರಿನ ಒಂದು ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನನ್ನದು. ಜೀನ್ಸ್ ಹೊಲಿಯುವವರ ಹತ್ತಿರ ಪ್ಯಾಂಟುಗಳ ಗಂಟು ತಂದು, ಹೊಲಿಗೆಯ ತುದಿಯಲ್ಲಿ ಉಳಿದ ದಾರ ಕತ್ತರಿಸಿ ಕೊಡುವುದು ಕೆಲಸ. ಮಗ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಈ ಹುಡುಗಿ ಅವನ ಮಗಳು. ತಾಯಿಯಿಲ್ಲ, ಬೇಗ ಹೋದಳು. ಹುಡುಗಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಕಬಡ್ಡಿಯಲ್ಲಿ ಅವಳು ಒಬ್ಬಳ ಕಾಲು ಹಿಡಿದರೆ ಮುಗಿಯಿತು, ಬಿಡಿಸಿಕೊಳ್ಳುವವರಿಲ್ಲ.

ಆಗ ಗಣಿ ಧಣಿಗಳಿಗೆ ದುಡ್ಡನ್ನು ಎಲ್ಲಿ ಹಾಕಬೇಕೆಂದು ತಿಳಿಯುತ್ತಿರಲಿಲ್ಲ. ಒಬ್ಬ ಕುದುರೆ ಸಾಕಿದ, ಒಬ್ಬ ನಾಟಕ ಆಡಿಸಿದ, ಒಬ್ಬ ಹೆಣ್ಣುಮಕ್ಕಳ ಕಬಡ್ಡಿ ತಂಡ ಕಟ್ಟಿದ. ತಿಂಗಳಿಗೆ ಪಗಾರ, ಊಟ, ಬಟ್ಟೆ, ಓಡಾಡಲು ಜೀಪು. ಅವರ ಕೋಚ್ ಸಿರುಗುಪ್ಪದ ಶಾಲೆ ಬಯಲಿನಲ್ಲಿ ಇವಳ ಆಟ ನೋಡಿ ಅಲ್ಲೇ ಆರಿಸಿಕೊಂಡ. ಅಭ್ಯಾಸ ಬಳ್ಳಾರಿಯಲ್ಲಿ. ಹೀಗೆ ಹುಡುಗಿ ನನ್ನ ಮನೆಗೆ ಬಂದಳು.

ಬಂದ ಮೇಲೆ ಒಂದು ವರ್ಷ ತುಂಬುವುದರೊಳಗೆ ಅವಳ ಭುಜ ಅಗಲವಾಯಿತು. ತೋಳು ನಮ್ಮ ಓಣಿಯ ಹಮಾಲನ ತೋಳಿನಂತಾಯಿತು. ನನಗೆ ಹೆಮ್ಮೆಯೇ ಆಗಿತ್ತು. ಮೊಟ್ಟೆ, ಹಾಲು, ಶೇಂಗಾ ಹಿಂಡಿ ಮೈಗೆ ಹತ್ತಿದೆ ಎಂದುಕೊಂಡೆ. ಬೆನ್ನ ತುಂಬ ಮೊಡವೆ ಎದ್ದವು. ಗದ್ದದಲ್ಲಿ ಕರಿ ಕೂದಲು ಕಾಣಿಸಿದವು. ಸಣ್ಣ ಮಾತಿಗೂ ಸಿಟ್ಟು. ಒಮ್ಮೆ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಾಟನ್ನೇ ಗೋಡೆಗೆ ಎಸೆದಳು. ಕೋಚನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದೆ.

“ಧೂಳ್ರಿ ಅಮ್ಮಾ,” ಎಂದ. “ದನಿ ಕೆಡ್ತೈತಿ, ಚರ್ಮ ಕೆಡ್ತೈತಿ. ನನ್ನ ದನಿ ಕೇಳ್ರಿ, ಹೆಂಗ ಆಗೇತಿ.”

ಅವನ ದನಿ ಬೀಡಿ ಸೇದಿ ಕೆಟ್ಟದ್ದು. ಆದರೂ ನಂಬಿದೆ. ಎಲ್ಲರೂ ನಂಬುವ ಮಾತನ್ನು ನಂಬುವುದು ಸುಲಭ.

ನನ್ನ ಕಣ್ಣು ತೆರೆಸಿದ್ದು ದೀಪ. ನಮ್ಮ ಮನೆಯಲ್ಲಿ ಸಂಜೆ ದೇವರ ಜಗಲಿಗೆ ದೀಪ ಹಚ್ಚುವುದು ಅವಳ ಕೆಲಸ. ಹೊರಗಾದ ದಿನಗಳಲ್ಲಿ ಅವಳು ಆ ಕಡೆ ಹೋಗುವುದಿಲ್ಲ, ನಾನು ಹಚ್ಚುತ್ತೇನೆ. ಒಂದು ಸಂಜೆ ಅವಳು ಅಭ್ಯಾಸದಿಂದ ಬರುವುದು ತಡವಾಯಿತು. ನಾನೇ ಹಚ್ಚಲು ಹೋದರೆ ಬತ್ತಿ ಎಲ್ಲಿದೆ, ದೀಪದೆಣ್ಣೆ ಎಲ್ಲಿದೆ ಒಂದೂ ಗೊತ್ತಾಗಲಿಲ್ಲ. ಅಷ್ಟು ಕಾಲದಿಂದ ನಾನು ದೀಪವನ್ನೇ ಮುಟ್ಟಿರಲಿಲ್ಲ. ಅಲ್ಲೇ ಕುಕ್ಕರಿಸಿದೆ. ಹುಡುಗಿ ತಿಂಗಳುಗಟ್ಟಲೆ ಹೊರಗಾಗಿಲ್ಲ.

ಇಂಥದ್ದಕ್ಕೆ ನಮ್ಮ ಕಡೆಯ ಹೆಂಗಸರ ತಲೆಗೆ ಬರುವುದು ಒಂದೇ ವಿಚಾರ. ನನಗೂ ಅದೇ ಬಂತು. ಯಾರಿರಬಹುದು? ಜೀಪಿನ ಡ್ರೈವರನೇ? ಆ ಕೋಚನೇ? ಸಿರುಗುಪ್ಪದಲ್ಲಿ ಮಗ ಅಂಗಡಿ ಅಂಗಡಿಗೆ ಹೋಗಿ ಮಗಳ ಫೋಟೋ ಇರುವ ಫ್ಲೆಕ್ಸ್ ತೋರಿಸುತ್ತಿದ್ದ. ಅವನಿಗೆ ಏನು ಹೇಳುವುದು? ಅನುಮಾನ ಇಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ. ಮರುದಿನ ಬೆಳಿಗ್ಗೆಯೇ ಮೆಡಿಕಲ್ ಶಾಪಿಗೆ ಹೋದೆ.

“ಬಸುರಿ ಅದಾರೋ ಇಲ್ಲೋ ನೋಡೋ ಪಟ್ಟಿ ಇರ್ತೈತಲ್ಲ, ಅದೊಂದು ಕೊಡಪ್ಪ.”

“ಯಾರಿಗ್ರಿ ಅಮ್ಮಾ?”

“ನನಗ.”

ಅವನು ನನ್ನ ಬಿಳಿ ತಲೆ ನೋಡಿದ. ಪಕ್ಕದಲ್ಲಿ ನಿಂತಿದ್ದ ಗಂಡಸು ತನ್ನ ಮಾತ್ರೆ ಮರೆತು ನನ್ನ ಹೊಟ್ಟೆ ನೋಡಿದ.

“ಅಲ್ರೀ ಅಮ್ಮಾ...”

“ಯಾಕ, ವಯಸ್ಸು ಕೇಳಿ ಮಾರ್ತೀರೇನು? ಕೊಡಲೇ ಸುಮ್ನ.”

ಕೊಟ್ಟ. ಮನೆಗೆ ಬಂದು ಹುಡುಗಿಯ ಮುಂದೆ ಇಟ್ಟೆ.

“ಏನಜ್ಜೀ ಇದು?”

“ನೀನ ಓದು. ಪಿಯುಸಿ ಓದಿದಾಕಿ ನೀನು.”

ಓದಿದಳು. ಮುಖ ಕೆಂಪೇರಿತು. “ನಿನ್ನ ತಲಿ ಕೆಟ್ಟೈತೇನು? ಮುಂಜಾನೆ ಗ್ರೌಂಡು, ಸಂಜಿಕ ಗ್ರೌಂಡು, ಮನಿಗೆ ಬಂದ್ರ ಹೆಣದಂಗ ಬೀಳ್ತೀನಿ. ಯಾವಾಗ ಹೋಗ್ಲಿ, ಯಾರ ಜೋಡಿ ಹೋಗ್ಲಿ?”

“ಅದನ್ನ ನೀ ಹೇಳಬ್ಯಾಡ, ಪಟ್ಟಿ ಹೇಳ್ತೈತಿ. ನಡಿ ಬಚ್ಚಲಿಗೆ.”

ಬಾಗಿಲು ಧಡಾರನೆ ಹಾಕಿಕೊಂಡಳು. ಹೊರಗೆ ಬಂದು ಪಟ್ಟಿಯನ್ನು ನನ್ನ ಮೂಗಿಗೆ ಹಿಡಿದಳು. “ನೋಡು. ಒಂದ ಗೆರಿ. ಆತೇನು ಸಮಾಧಾನ?”

ಆಯಿತು. ಸುಳ್ಳು ಯಾಕೆ ಹೇಳಲಿ, ಎದೆಯ ಮೇಲಿಂದ ಅಕ್ಕಿ ಮೂಟೆ ಇಳಿಸಿದಂತಾಯಿತು. ಒಲೆಯ ಮೇಲೆ ಚಹಾ ಇಟ್ಟೆ. ಚಹಾ ಕುದಿಯುವಾಗ ಇನ್ನೊಂದು ಪ್ರಶ್ನೆ ಎದ್ದಿತು.

“ಹಂಗಾರ ಯಾಕ ನಿಂತೈತಿ?”

“ಎಲ್ಲಾರದೂ ನಿಂತೈತಿ.”

“ಎಲ್ಲಾರದು ಅಂದ್ರ?”

“ಟೀಮಿನ ಹುಡುಗ್ಯಾರದು. ಸೂಜಿ ಮಾಡಿಸ್ಕೊಂಡ್ರ ನಿಲ್ತೈತಿ ಅಂತ ಸರ್ ಮೊದ್ಲ ಹೇಳ್ಯಾರ. ಮ್ಯಾಚಿನ ದಿನ ತ್ರಾಸ ಇಲ್ಲ, ಚಲೋನ ಆತು ಅಂದ್ವಿ.”

“ಯಾತರ ಸೂಜಿ?”

“ತಾಕತ್ತಿಂದು. ವಿಟಮಿನ್ ಅಂತಾರ. ಬಾಟ್ಲಿ ಮ್ಯಾಲಿನ ಚೀಟಿ ಕಿತ್ತಿರ್ತಾರ.” ಅವಳು ಪಿಸುಗುಟ್ಟಿದಳು. ಆ ದಪ್ಪ ದನಿಯಲ್ಲಿ ಪಿಸುಗುಟ್ಟಿದರೂ ಓಣಿಗೆ ಕೇಳಿಸುವಂತಿತ್ತು. “ಅದು ವಿಟಮಿನ್ ಅಲ್ಲಂತ ನಮಗೂ ಗೊತ್ತು ಅಜ್ಜಿ. ಅದಿಲ್ಲಂದ್ರ ಆಡಾಕ ಆಗಂಗಿಲ್ಲ. ಎದುರಿನೋರೂ ಮಾಡಿಸ್ಕೊಂಡಿರ್ತಾರ.”

“ಸರಕಾರದೋರು ಯಾರೂ ನೋಡಂಗಿಲ್ಲೇನ?”

“ನೋಡ್ತಾರ. ಡೋಪ್ ಟೆಸ್ಟ್ ಅಂತ.”

“ಧೂಪ ಹಾಕಿ ನೋಡ್ತಾರೇನು?”

ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು. ಉಚ್ಚೆ ಪರೀಕ್ಷೆ ಮಾಡಿ ಇಂಥ ಸೂಜಿ ತೆಗೆದುಕೊಂಡವರನ್ನು ಹಿಡಿಯುತ್ತಾರೆ, ಸಿಕ್ಕವರನ್ನು ಆಟದಿಂದ ಹೊರಗೆ ಹಾಕುತ್ತಾರೆ ಎಂದು ಬಿಡಿಸಿ ಹೇಳಿದಳು. ಕುರುಗೋಡಿನಲ್ಲಿ ನಡೆಯುವ ಪಂದ್ಯಕ್ಕೆ ಅವರು ಬರುವವರಿದ್ದರಂತೆ. ಬರುತ್ತೇವೆಂದು ಮೊದಲೇ ಕೋಚಿಗೆ ಫೋನು ಬಂದಿತ್ತಂತೆ. ಕಳ್ಳನಿಗೆ ಫೋನು ಮಾಡಿ ಬರುವ ಪೊಲೀಸರನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಸೂಜಿ ಬಿಡು ಎಂದು ಗೋಗರೆದೆ, ಬೈದೆ. ಬಿಡುವುದಿಲ್ಲ ಎಂದಳು. ಬಿಟ್ಟರೆ ಪಗಾರದ ತಂಡದಲ್ಲಿ ಜಾಗವಿಲ್ಲ, ಅಪ್ಪನಿಗೆ ಏನು ಹೇಳಲಿ ಎಂದಳು. ನನಗಿದ್ದ ಚಿಂತೆ ಒಂದೇ. ಹೆಣ್ಣಿನ ಮೈಯಲ್ಲಿ ಹೀಗೆ ನಿಂತದ್ದು ಮತ್ತೆ ಹರಿಯದೇ ಹೋದರೆ? ನನ್ನ ಮಾತು ನಡೆಯದಿದ್ದ ಮೇಲೆ ಸರಕಾರವಾದರೂ ಹಿಡಿಯಲಿ ಎಂದುಕೊಂಡೆ. ಮೊಮ್ಮಗಳು ಸಿಕ್ಕಿಬೀಳಲಿ ಎಂದು ದೇವರಿಗೆ ಕಾಯಿ ಒಡೆಸಿ ಬಸ್ಸು ಹತ್ತಿದ ಅಜ್ಜಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಕುರುಗೋಡಿನಲ್ಲಿ ಬಂಡೆಗುಡ್ಡದ ಕೆಳಗಿನ ಶಾಲೆ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಧಣಿಯ ಫೋಟೋ ಎಲ್ಲ ಕಂಬದಲ್ಲೂ. ಪರೀಕ್ಷೆಯವರು ಇಬ್ಬರು ಬಂದಿದ್ದರು, ಇಬ್ಬರೂ ಗಂಡಸರು. ಅವರ ಜೊತೆ ಬರಬೇಕಿದ್ದ ಮೇಡಂ ರಜೆಯಂತೆ. ಹುಡುಗಿಯರು ಬಾಟಲಿ ತುಂಬುವಾಗ ಹೆಂಗಸೊಬ್ಬಳು ಎದುರಿಗೆ ನಿಂತು ನೋಡಬೇಕೆಂದು ನಿಯಮವಂತೆ. ಆ ಇಬ್ಬರಲ್ಲಿ ಕನ್ನಡಕದವನು ಸುತ್ತ ಕಣ್ಣಾಡಿಸಿದ. ಮೊದಲ ಸಾಲಿನಲ್ಲಿ ಸೆರಗು ಹೊದ್ದು ಕುಳಿತ ಮುದುಕಿ ನಾನೊಬ್ಬಳೇ.

“ಅಮ್ಮಾ, ನೀವು ಯಾರ ಕಡೇರು?”

“ಆಡೋ ಹುಡುಗಿ ಅಜ್ಜಿ.”

“ಬಾಳ ಚಲೋ ಆತು. ಬರ್ರಿ, ಸಾಲಿ ಬಚ್ಚಲದಾಗ ಹುಡುಗ್ಯಾರ ಹತ್ರ ನಿಂದರ್ರಿ. ತಮ್ಮ ತಮ್ಮ ಬಾಟ್ಲಿ ತಾವ ತುಂಬಬೇಕು, ನೋಡ್ಕೊಳ್ರಿ.”

ಆಡುವವಳ ಅಜ್ಜಿಯನ್ನೇ ಕಾವಲಿಗೆ ನಿಲ್ಲಿಸಿದರು. ನಾನು ಹೋದೆ.

ಬಚ್ಚಲಲ್ಲಿ ಆಟ ಹೊರಗಿನದಕ್ಕಿಂತ ಚೆನ್ನಾಗಿತ್ತು. ತಂಡದಲ್ಲಿ ಒಬ್ಬಳಿಗೆ ಕಾಮಾಲೆಯಾಗಿ ಬಹಳ ದಿನದಿಂದ ಸೂಜಿ ಹಾಕಿರಲಿಲ್ಲ. ಅವಳೊಬ್ಬಳೇ ಎಲ್ಲರ ಬಾಟಲಿ ತುಂಬಬೇಕು, ಇದು ಕೋಚಿನ ಏರ್ಪಾಡು. ಉಳಿದವರು ನೀರಿನ ಪಾಕೀಟು ಹರಿದು ಹರಿದು ಅವಳ ಬಾಯಿಗೆ ಹಿಡಿಯುತ್ತಿದ್ದರು.

“ಇನ್ನ ಎಷ್ಟು ಕುಡೀಲೇ, ಹೊಟ್ಟಿ ಒಡೀತೈತಿ!”

“ಕುಡಿ ನಮ್ಮವ್ವಾ, ಇನ್ನ ಎರಡ ಬಾಟ್ಲಿ. ತುಂಗಭದ್ರಾ ಡ್ಯಾಮಿನಂಗ ಬಿಡು ಒಮ್ಮೆ.”

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆ ನಗುವೂ ಅಷ್ಟೇ, ಎಲ್ಲ ದಪ್ಪ ದಪ್ಪ ದನಿ. ಕಣ್ಣು ಮುಚ್ಚಿ ಕೇಳಿದರೆ ಲಾರಿ ಸ್ಟ್ಯಾಂಡಿನಲ್ಲಿ ಕ್ಲೀನರುಗಳು ನಕ್ಕಂತಿತ್ತು. ನನಗೆ ನಗು ಬರಲಿಲ್ಲ. ಒಂದು ಖಾಲಿ ಬಾಟಲಿ ಎತ್ತಿಕೊಂಡು ಮೊಮ್ಮಗಳ ರಟ್ಟೆ ಹಿಡಿದು ಮೂಲೆಗೆ ಎಳೆದೆ.

“ನಿನ್ನ ಬಾಟ್ಲಿ ನೀನ ತುಂಬು.”

“ಸಿಕ್ಕೊಂತೀನಿ ಅಜ್ಜಿ.”

“ಸಿಕ್ಕೊ.”

“ಆಟ ಹೋಗ್ತೈತಿ.”

“ಆಟ ಹೋದ್ರ ಕುಂಟೆಬಿಲ್ಲೆ ಆಡು. ಮೈ ಹೋದ್ರ ಯಾವ ಅಂಗಡ್ಯಾಗ ತರ್ತೀ?”

ನನ್ನನ್ನು ದುರುಗುಟ್ಟಿ ನೋಡಿದಳು. ಹೊಡೆಯುತ್ತಾಳೇನೋ ಎಂದುಕೊಂಡೆ. ಹೊಡೆದಿದ್ದರೆ ನಾನು ಏಳುತ್ತಿರಲಿಲ್ಲ, ಅಂಥ ಕೈ. ಆದರೆ ನನ್ನ ಕೈಯಿಂದ ಬಾಟಲಿ ಕಸಿದುಕೊಂಡು ಒಳಗೆ ಹೋದಳು. ತುಂಬಿ ತಂದು ನನ್ನ ಕೈಗಿಟ್ಟಳು. ಬಾಟಲಿಗಳೆಲ್ಲ ಒಂದೇ ಥರ. ಕೋಚ್ ಎಲ್ಲಿ ಅದಲು ಬದಲು ಮಾಡುತ್ತಾನೋ ಎಂದು, ನನ್ನ ಸೆರಗಿಗೆ ಅಂಟಿಕೊಂಡಿದ್ದ ಜೀನ್ಸಿನ ಹಳದಿ ದಾರ ತೆಗೆದು ಅದರ ಕುತ್ತಿಗೆಗೆ ಸುತ್ತಿದೆ. ನಾನೇ ಒಯ್ದು ಕನ್ನಡಕದವನ ಕೈಗೆ ಕೊಟ್ಟೆ. ಕೊಟ್ಟು ಸುಮ್ಮನಿರಲಿಲ್ಲ.

“ಸಾಹೇಬ್ರ, ಇದೊಂದು ಬಿಟ್ಟು ಉಳಿದಾವೆಲ್ಲ ಒಬ್ಬಾಕಿವು. ನಾ ಕಣ್ಣಾರೆ ನೋಡೀನಿ.”

“ನಿಮಗ ಕಣ್ಣು ಸರಿ ಕಾಣ್ತಾವೇನಮ್ಮಾ?”

“ಈಗ್ಲೂ ಸೂಜಿಗೆ ದಾರ ಪೋಣಿಸ್ತೀನಿ.”

“ಹಂಗಾರ ಸುಮ್ನ ಪೋಣಿಸ್ಕೊಂತ ಕುಂದರ್ರಿ. ಊಟ ಆತೇನು? ಕೋಳಿ ಸಾರು ಬಾಳ ಚಲೋ ಆಗೇತಿ.”

ಅಂದು ಅವಳ ಆಟ ಆಟವಾಗಿರಲಿಲ್ಲ. ಹೋದಲ್ಲೆಲ್ಲ ಸಿಕ್ಕಿಬಿದ್ದಳು. ಕಣ್ಣು ಎದುರಾಳಿಯ ಮೇಲಿಲ್ಲ, ಪರೀಕ್ಷೆಯವರ ಮೇಜಿನ ಮೇಲೆ. ಆದರೂ ತಂಡ ಗೆದ್ದಿತು. ಬಹುಮಾನ ಹಂಚಿದರು, ಪಟಾಕಿ ಹೊಡೆದರು. ಪರೀಕ್ಷೆಯವರ ಜೀಪು ಮೊದಲೇ ಹೋಗಿತ್ತು. ನಾವಿಬ್ಬರೂ ಮುಖ ತೊಳೆಯಲು ಶಾಮಿಯಾನದ ಹಿಂದಿನ ನಲ್ಲಿಗೆ ಹೋದೆವು. ಅಲ್ಲಿ ಉಂಡ ಎಲೆಗಳ ರಾಶಿ. ಕೋಳಿಯ ಮೂಳೆ, ಕಾಗದದ ಲೋಟ, ನಾಯಿ. ಆ ಎಲೆಗಳ ನಡುವೆ ಬಾಟಲಿಗಳು. ಎಲ್ಲ ಬಾಟಲಿಗಳು. ಒಂದರ ಕುತ್ತಿಗೆಗೆ ಹಳದಿ ದಾರ.

ಅವಳು ಬಗ್ಗಿ ಎತ್ತಿಕೊಂಡಳು. “ಅಜ್ಜೀ, ಇದು ನಂದು.” ಮೊದಲು ನಕ್ಕಳು. ಸಿಕ್ಕಿಬೀಳಲಿಲ್ಲವಲ್ಲ, ಬದುಕಿದೆನಲ್ಲ ಎಂಬ ನಗು. “ಒಯ್ದೇ ಇಲ್ಲ! ನಾ ಮುಂಜಾನಿಂದ ಜೀವ ಕೈಯಾಗ ಹಿಡ್ಕೊಂಡೀನಿ, ಇವರು ಒಯ್ದೇ ಇಲ್ಲ!” ಆಮೇಲೆ ನಗು ನಿಂತಿತು. ನಲ್ಲಿ ಕಟ್ಟೆಯ ಮೇಲೆ ಕುಳಿತಳು. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ನಾ ಅಂಕಣದಾಗ ಬಿದ್ದು ಸತ್ರೂ ಇವರು ಊಟ ಮಾಡೇ ಹೋಗ್ತಾರ,” ಎಂದಳು.

ನಾನು ವಾರಗಟ್ಟಲೆ ಬೈದು ತಿಳಿಸಲಾಗದ್ದನ್ನು ಆ ತಿಪ್ಪೆ ತಿಳಿಸಿತ್ತು. ಕೋಚು ಅತ್ತ ಜೀಪಿನ ಹತ್ತಿರ ಎಲ್ಲರನ್ನೂ ಕೂಗುತ್ತಿದ್ದ. ಅವಳು ಬಾಟಲಿಯಲ್ಲಿದ್ದದ್ದನ್ನು ಚರಂಡಿಗೆ ಚೆಲ್ಲಿ, ಮುಖ ತೊಳೆದುಕೊಂಡು ಕೇಳಿದಳು.

“ಇಲ್ಲಿಂದ ಸಿರುಗುಪ್ಪಕ್ಕ ಬಸ್ಸು ಎಷ್ಟೊತ್ತಿಗೆ?”

ಜೀಪು ಹತ್ತದೆ ಮಗನ ಮನೆಗೆ ಹೋಗಿದ್ದ ನಮ್ಮನ್ನು ಹುಡುಕಿಕೊಂಡು ಮರುದಿನವೇ ಕೋಚ್ ಸಿರುಗುಪ್ಪಕ್ಕೆ ಬಂದ. ಮಗ ಮಿಲ್ಲಿನಿಂದ ಆಗಷ್ಟೇ ಬಂದಿದ್ದ, ಮೈಯೆಲ್ಲ ತೌಡು. ಕೋಚಿಗೆ ಕುರ್ಚಿ ಹಾಕಿ, ತಾನು ನಿಂತೇ ಇದ್ದ.

“ಯಾಕವ್ವಾ, ಸರ್ ಇಷ್ಟು ದೂರ ಬಂದಾರ, ಜೀಪು ಹತ್ತಬಾರದೇನು?” ಎಂದು ಮಗಳನ್ನು ಕೇಳಿದ.

ಹುಡುಗಿ ತಲೆ ಬಗ್ಗಿಸಿದಳು. ಅಪ್ಪನ ಮುಂದೆ ಹೇಳುವ ಮಾತಲ್ಲ ಅದು. ನಾನು ಹೇಳಿದೆ.

“ಇವರ ಸೂಜಿಯಿಂದ ನಿನ್ನ ಮಗಳು ಹೊರಗಾಗೋದು ನಿಂತೈತಿ. ವರ್ಷ ಆಗಾಕ ಬಂತು. ಗದ್ದ ನೋಡು. ದನಿ ಕೇಳು.”

ಮಗ ನೆಲ ನೋಡಿದ. ಕೋಚ್ ಸೂರು ನೋಡಿದ.

“ಇಂಥಾವೆಲ್ಲ ಗಂಡಸ್ರ ಮುಂದ ಮಾತಾಡ್ತಾರೇನ್ರಿ ಅಮ್ಮಾ?”

“ಗಂಡಸ್ರು ಚುಚ್ಚಬೋದು, ನಾವು ಮಾತಾಡಬಾರದೇನು?”

“ಅದು ವಿಟಮಿನ್ ರೀ.”

“ಹಂಗಾರ ಜೀಪಿನ್ಯಾಗ ಇದ್ರ ತರ್ರಿ, ನೀವೂ ಒಂದು ಮಾಡಿಸ್ಕೊಳ್ರಿ. ನನ್ನ ಮಗಗೂ ಒಂದು ಮಾಡ್ರಿ, ಮೂಟಿ ಹೊರ್ತಾನ.”

“ನೋಡ್ರಿ, ಇಷ್ಟು ಪಂದ್ಯ ಆಗ್ಯಾವ, ಯಾವ ಟೆಸ್ಟಿನ್ಯಾಗೂ ನಮ್ಮ ಹುಡುಗ್ಯಾರ ಮ್ಯಾಲೆ ಏನೂ ಬಂದಿಲ್ಲ.”

“ಬಾಟ್ಲಿ ಎಂಜಲೆಲಿ ಜೋಡಿ ಹೋದ್ರ ಏನು ಬರ್ತೈತಿ? ನಾಯಿ ಬರ್ತೈತಿ.”

ಮಗ ಆಗ ತಲೆಯೆತ್ತಿದ. ಅವನು ಮೆತ್ತಗಿನವನು, ಧಣಿ ಎಂದರೆ ಚಪ್ಪಲಿ ಬಿಡುವ ಜಾತಿ. ಗೋಡೆಯ ಮೇಲೆ ಮಗಳ ಫ್ಲೆಕ್ಸ್ ಇತ್ತು, ಅದನ್ನೊಮ್ಮೆ ನೋಡಿದ. ಮಗಳನ್ನೊಮ್ಮೆ ನೋಡಿದ. “ನೀನೇನಂತೀಯವ್ವಾ?” ಎಂದು ಕೇಳಿದ.

“ನಾ ಒಲ್ಲೆ ಅಪ್ಪಾ.”

“ಒಲ್ಲೆ ಅಂತಾಳ್ರಿ ಸರ್,” ಎಂದ. ಅಷ್ಟೇ ಅಂದ. ಚಹಾ ಕುಡಿದು ಹೋಗಿ ಎಂದೂ ಅನ್ನಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಬೈಗುಳ.

ಬಳ್ಳಾರಿಗೆ ಕರೆದುಕೊಂಡು ಬಂದು ಹೆಂಗಸರ ಡಾಕ್ಟರಿಗೆ ತೋರಿಸಿದೆ. ಆಕೆ ರಕ್ತ ತೆಗೆಸಿದಳು, ಹೊಟ್ಟೆ ಸ್ಕ್ಯಾನ್ ಮಾಡಿಸಿದಳು, ನಮ್ಮಿಬ್ಬರಿಗೂ ಬೈದಳು. ಪುಣ್ಯಕ್ಕೆ ಒಳಗಿನ ಅಂಗ ಯಾವುದೂ ಕೆಟ್ಟಿರಲಿಲ್ಲ. “ಸೂಜಿ ಬಿಟ್ರ ಬರಬೋದು. ತಡ ಆಗಬೋದು. ಇಂಥ ದಿನ ಬರ್ತೈತಿ ಅಂತ ನಾ ಹೇಳಂಗಿಲ್ಲ. ಕಾಯ್ರಿ,” ಎಂದಳು.

ಕಾದೆವು. ಸೂಜಿ ಬಿಟ್ಟ ಮೇಲೆ ಹುಡುಗಿ ಸೊರಗಿದಳು. ತೋಳು ಇಳಿಯಿತು, ಜೊತೆಗೆ ಧೈರ್ಯವೂ ಇಳಿಯಿತು. ಸುಮ್ಮಸುಮ್ಮನೆ ಅಳುತ್ತಿದ್ದಳು. ತಾಟು ಎಸೆಯುವವಳಿಗಿಂತ ಅಳುವವಳನ್ನು ನೋಡಿಕೊಳ್ಳುವುದು ನನಗೆ ಕಷ್ಟವಾಯಿತು, ನಾನು ಅಂಥ ಮೆತ್ತನೆಯ ಮಾತಿನವಳಲ್ಲ. ಪ್ಯಾಂಟಿನ ಗಂಟು ಮುಂದಿಟ್ಟು ಕತ್ತರಿ ಕೈಗೆ ಕೊಟ್ಟೆ. “ಅಳ್ಕೊಂತನ ಕತ್ತರಿಸು, ಬಟ್ಟಿ ಕತ್ತರಿಸಬ್ಯಾಡ,” ಎಂದೆ. ಎಷ್ಟೋ ದಿನ ಇಬ್ಬರೂ ಎದುರುಬದುರು ಕುಳಿತು ದಾರ ಕತ್ತರಿಸಿದೆವು. ತಿಂಗಳು ಮುಗಿದಂತೆಲ್ಲ ನಾನು ಅವಳ ಮುಖ ನೋಡುವೆ, ಅವಳು ಇಲ್ಲ ಎಂದು ತಲೆಯಾಡಿಸುವಳು.

ಆ ತಂಡವನ್ನು ಕೊನೆಗೂ ಯಾರೂ ಹಿಡಿಯಲಿಲ್ಲ. ಇವಳ ಜಾಗಕ್ಕೆ ಬೇರೆ ಯಾರದೋ ಮಗಳು ಬಂದಳು. ಮುಂದೆ ಗಣಿ ನಿಂತು ಪಗಾರ ನಿಂತಾಗ ತಂಡ ತಾನೇ ಚದುರಿತು. ನಮ್ಮ ಹುಡುಗಿ ಈಗ ಸಿರುಗುಪ್ಪದಲ್ಲಿ ಶಾಲೆ ಮಕ್ಕಳಿಗೆ ಕಬಡ್ಡಿ ಕಲಿಸುತ್ತಾಳೆ. ದನಿ ಪೂರ್ತಿ ಮೊದಲಿನಂತಾಗಲಿಲ್ಲ. ಒಮ್ಮೆ ಗದರಿದರೆ ಬಯಲಿನ ಆಚೆ ತುದಿಯ ಹುಡುಗಿಯರೂ ನಿಲ್ಲುತ್ತಾರೆ, ಅಷ್ಟು ಲಾಭ. ಇದೆಲ್ಲ ಆಮೇಲಿನದು. ನನ್ನ ಮಟ್ಟಿಗೆ ಈ ಸಂಗತಿ ಮುಗಿದದ್ದು ಒಂದು ಮಧ್ಯಾಹ್ನ, ಬಿಸಿಲು ಹೊತ್ತಿ ಉರಿಯುವಾಗ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಚ್ಚಲಿಂದ ಕೂಗು ಬಂತು.

“ಅಜ್ಜೀ! ಬಟ್ಟಿ ಕೊಡು!”

“ಅಲ್ಲೇ ಗೂಟಕ್ಕೈತಿ ನೋಡು ಟವಲು.”

“ಟವಲಲ್ಲಜ್ಜೀ! ಬಟ್ಟಿ! ಬಟ್ಟಿ!”

ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ಎದ್ದೆ. ಹಳೆಯ ಸೀರೆ ಹರಿದು ಬಾಗಿಲ ಸಂದಿಯಿಂದ ಕೊಟ್ಟೆ. ಒಳಗೆ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ರೊಟ್ಟಿ ಹೊತ್ತಿ ಮನೆ ತುಂಬ ಹೊಗೆ. ಹೊಟ್ಟೆ ನೋಯುತ್ತಿದೆ, ಸೊಂಟ ಹಿಡಿದಿದೆ ಎಂದು ಒಳಗಿಂದಲೇ ಗೋಳಾಡಿದಳು. ಅಷ್ಟು ಚೆಂದದ ಗೋಳು ನಾನು ಕೇಳಿರಲಿಲ್ಲ.

ಓಣಿಯ ಮೂಲೆಯ ಕಾಯಿನ್ ಫೋನಿಗೆ ಹೋಗಿ ಅಕ್ಕಿ ಮಿಲ್ಲಿಗೆ ಹಚ್ಚಿದೆ. ಮಗನನ್ನು ಕರೆದರು. ಮಿಲ್ಲಿನ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ನಾನು ಜೋರಾಗಿಯೇ ಹೇಳಿದೆ.

“ನಿನ್ನ ಮಗಳು ಹೊರಗಾಗ್ಯಾಳ!”

“ಎಲ್ಲಿಗೆ ಹೋಗ್ಯಾಳ?”

“ಎಲ್ಲಿಗೂ ಹೋಗಿಲ್ಲಲೇ, ಮನ್ಯಾಗ ಅದಾಳ. ಹೊರಗಾಗ್ಯಾಳ! ಮುಟ್ಟು!”

ಅವನು ದನಿ ತಗ್ಗಿಸಿದ: “ಅವ್ವಾ... ಇದನ್ನ ಫೋನಿನ್ಯಾಗ ಹೇಳ್ತಾರೇನು? ಇಲ್ಲಿ ಮಾಲಕರು ಕುಂತಾರ.”

“ಮತ್ತ ಕಾಗದ ಹಾಕ್ಲೇನು? ಮಾಲಕರಿಗೂ ಹೇಳು.”

“ಆತವ್ವಾ,” ಎಂದ. ಮತ್ತೊಮ್ಮೆ “ಆತು, ಆತು” ಎಂದ. ಅಷ್ಟರಲ್ಲಿ ಫೋನಿಗೆ ಹಾಕಿದ ರೂಪಾಯಿ ಮುಗಿಯಿತು. ಹಿಂದೆ ನಿಂತಿದ್ದವನು, “ಮುಗೀತೇನಮ್ಮಾ?” ಎಂದ. “ಮುಗೀತಪ್ಪಾ,” ಎಂದು ರಿಸೀವರ್ ಅವನ ಕೈಗೆ ಕೊಟ್ಟು, ಉಣ್ಣಲು ಮನೆಗೆ ಬಂದೆ.